ಹೃದ್ರೋಗದ ನಾಯಿಗೆ ಮನೆಯಲ್ಲಿ ಔಷಧ ಕೊಡುವುದು ಹೇಗೆ?

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಹತ್ತು ವರ್ಷ ದಾಟಿದ ಪಾಮರೇನಿಯನ್ ನಾಯಿ ರಾತ್ರಿ ಹೊತ್ತು ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಂತೆ ಕೆಮ್ಮತೊಡಗಿದರೆ, ಮಳೆಗಾಲದ ಶೀತವೆಂದೋ ಬಚ್ಚಲೊಲೆಯ ಹೊಗೆಯೆಂದೋ ತಿಳಿದು ಸುಮ್ಮನಾಗುವವರೇ ಹೆಚ್ಚು. ಹೊಗೆಯೂ ಕಾರಣವಾಗಿರಬಹುದು. ಆದರೆ ಸಣ್ಣ ತಳಿಯ ನಾಯಿಗಳಿಗೆ ವಯಸ್ಸಾದಂತೆ ಹೃದಯದ ಎಡಭಾಗದ ಮೈಟ್ರಲ್ ಕವಾಟ ದಪ್ಪಗಾಗಿ, ಸರಿಯಾಗಿ ಮುಚ್ಚಿಕೊಳ್ಳದೆ, ರಕ್ತ ಹಿಂದಕ್ಕೆ ಸೋರುವುದು ಬಹಳ ಸಾಮಾನ್ಯವಾದ ಕಾಯಿಲೆ. ಡಾಬರ್‌ಮನ್, ಗ್ರೇಟ್ ಡೇನ್‌ನಂಥ ದೊಡ್ಡ ತಳಿಗಳಲ್ಲಾದರೆ ಹೃದಯದ ಸ್ನಾಯುವೇ ಸೋತು ಹಿಗ್ಗುತ್ತದೆ. ಎದೆಯ ಎಕ್ಸ್‌ರೇ ಮತ್ತು ಎಕೋ (ಹೃದಯದ ಸ್ಕ್ಯಾನ್) ನೋಡಿ ಔಷಧ ನಿರ್ಧರಿಸುವವರು ಪಶುವೈದ್ಯರು; ಚೀಟಿ ಮನೆಗೆ ಬಂದ ಮೇಲಿನ ಕೆಲಸ ಮಾತ್ರ ಪೂರ್ತಿ ಮನೆಯವರದು.

ಮೊದಲು ಚೀಟಿಯಲ್ಲಿರುವ ಮಾತ್ರೆಗಳು ಯಾವ ಕೆಲಸಕ್ಕೆ ಎಂಬುದನ್ನು ವೈದ್ಯರನ್ನೇ ಕೇಳಿ ಪೊಟ್ಟಣದ ಮೇಲೆ ಬರೆದಿಡಬೇಕು. ಸಾಮಾನ್ಯವಾಗಿ ಮೊದಲು ಬರುವ ಹೆಸರು ಪಿಮೊಬೆಂಡನ್. ಇದು ಹೃದಯದ ಬಡಿತಕ್ಕೆ ಬಲ ಕೊಡುವುದರ ಜೊತೆಗೆ ರಕ್ತನಾಳಗಳನ್ನು ಸಡಿಲಿಸಿ ಹೃದಯದ ಹೊರೆಯನ್ನೂ ಇಳಿಸುತ್ತದೆ. ಕವಾಟ ಸೋರಿ ಹೃದಯ ದೊಡ್ಡದಾಗಿದ್ದರೂ ಇನ್ನೂ ರೋಗಲಕ್ಷಣ ತೋರದ ನಾಯಿಗಳಿಗೆ ಈ ಔಷಧ ಕೊಟ್ಟರೆ ಹೃದಯ ವೈಫಲ್ಯ ಸುಮಾರು 15 ತಿಂಗಳು ಮುಂದಕ್ಕೆ ಹೋಗುತ್ತದೆಂದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಹಾಗೆಂದು ಎದೆಯಲ್ಲಿ ಮರ್ಮರ ಶಬ್ದ ಕೇಳಿಸಿದ ಮಾತ್ರಕ್ಕೆ ಮಾತ್ರೆ ಶುರು ಮಾಡಬೇಕಿಲ್ಲ. ಹೃದಯ ದೊಡ್ಡದಾಗಿದೆಯೇ ಎಂಬುದು ಮುಖ್ಯ. ಶ್ವಾಸಕೋಶದಲ್ಲಿ ನೀರು ತುಂಬಿದಾಗ ಅದನ್ನು ಮೂತ್ರದ ಮೂಲಕ ಹೊರಹಾಕುವುದು ಫ್ಯುರೋಸಮೈಡ್. ರಕ್ತನಾಳ ಸಡಿಲಿಸುವ ಎನಲಾಪ್ರಿಲ್ ಅಥವಾ ಬೆನಾಜೆಪ್ರಿಲ್, ಮೈಯಲ್ಲಿ ಪೊಟ್ಯಾಸಿಯಂ ಉಳಿಸಿಕೊಂಡು ನೀರಿಳಿಸುವ ಸ್ಪೈರೊನೊಲ್ಯಾಕ್ಟೋನ್ ಈ ಎರಡರ ಬೆನ್ನಿಗೆ ಬರುತ್ತವೆ. ಬಡಿತದ ಲಯ ತಪ್ಪಿದ ಕೆಲವು ನಾಯಿಗಳಿಗೆ ಡಿಗಾಕ್ಸಿನ್ ಕೊಡುವುದುಂಟು; ಇದರ ಗುಣಕ್ಕೂ ವಿಷಕ್ಕೂ ನಡುವೆ ಅಂತರ ಕಡಿಮೆ, ಆದ್ದರಿಂದ ನಾಯಿ ಅನ್ನ ಬಿಟ್ಟು ವಾಂತಿ ಮಾಡಿದರೆ ಮುಂದಿನ ಮಾತ್ರೆಗೆ ಮೊದಲೇ ವೈದ್ಯರಿಗೆ ಫೋನ್ ಮಾಡಬೇಕು.

ಇನ್ನು ಗಡಿಯಾರದ ವಿಷಯ. ಪಿಮೊಬೆಂಡನ್ ದಿನಕ್ಕೆ ಎರಡು ಸಲ, ಸುಮಾರು 12 ಗಂಟೆಗಳ ಅಂತರದಲ್ಲಿ, ಊಟಕ್ಕೆ ಒಂದು ಗಂಟೆ ಮುಂಚೆ, ಖಾಲಿ ಹೊಟ್ಟೆಗೆ. ಐದು ಕೆ.ಜಿ. ತೂಗುವ ನಾಯಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ 1.25 ಮಿಲಿಗ್ರಾಂ ಆಗುತ್ತದೆ. ಪಕ್ಕದ ಮನೆಯ ನಾಯಿಯ ಅಳತೆಯನ್ನು ನಮ್ಮ ನಾಯಿಗೆ ತರಬಾರದೆನ್ನುವುದು ಇದಕ್ಕೇ. ಬೆಳಿಗ್ಗೆ ಆರಕ್ಕೆ ಮಾತ್ರೆ, ಏಳಕ್ಕೆ ತಿಂಡಿ. ಸಂಜೆಯೂ ಅದೇ ಲೆಕ್ಕ. ಮಾತ್ರೆಯನ್ನು ಅಕ್ಕಿ ರೊಟ್ಟಿಯ ಚೂರಿನಲ್ಲೋ ಕಡುಬಿನ ತುಣುಕಿನಲ್ಲೋ ಹುದುಗಿಸಿ ಕೊಡಬಹುದು, ಆದರೆ ಆ ತುಣುಕು ಕಡಲೆಕಾಳಿನಷ್ಟೇ ಇರಲಿ. ನಮ್ಮ ಮನೆಯ ನಾಯಿ ರೊಟ್ಟಿಯನ್ನು ನುಂಗಿ ಮಾತ್ರೆಯನ್ನು ಮಾತ್ರ ತೊಳೆದಿಟ್ಟಂತೆ ಸ್ವಚ್ಛವಾಗಿ ನೆಲದ ಮೇಲಿಡುತ್ತಿತ್ತು. ಆಮೇಲೆ ಮೂರು ತುಣುಕು ಮಾಡಿ, ಮೊದಲನೆಯದು ಬರೀ ರೊಟ್ಟಿ, ಎರಡನೆಯದರಲ್ಲಿ ಮಾತ್ರೆ, ಮೂರನೆಯದನ್ನು ಮೂಗಿನ ಮುಂದೆ ಹಿಡಿದು ತೋರಿಸತೊಡಗಿದೆವು; ಮೂರನೆಯದರ ಆಸೆಗೆ ಎರಡನೆಯದು ಒಳಗೆ ಹೋಗುತ್ತದೆ. ಒಂದು ಹೊತ್ತಿನ ಮಾತ್ರೆ ಮರೆತುಹೋದರೆ ಮುಂದಿನ ಹೊತ್ತಿಗೆ ಎರಡನ್ನು ಸೇರಿಸಿ ಕೊಡಬಾರದು.

ಫ್ಯುರೋಸಮೈಡ್ ಶುರುವಾದ ಮೇಲೆ ನಾಯಿ ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಮೂತ್ರ ಮಾಡುತ್ತದೆ. ಮನೆಯೊಳಗೆ ಗಲೀಜಾಗುತ್ತದೆಂದು ನೀರಿನ ಬಟ್ಟಲು ಎತ್ತಿಡುವುದು ನಾನು ಕಂಡಿರುವ ತಪ್ಪುಗಳಲ್ಲೆಲ್ಲ ಕೆಟ್ಟದ್ದು: ಔಷಧ ನೀರು ಹೊರಹಾಕುತ್ತಲೇ ಇರುವಾಗ ಕುಡಿಯಲು ಸಿಗದಿದ್ದರೆ ಮೂತ್ರಪಿಂಡ ಸೋಲುತ್ತದೆ. ಮಾತ್ರೆ ಶುರುವಾದ ಒಂದೆರಡು ವಾರಗಳಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡುವ ರಕ್ತಪರೀಕ್ಷೆ ತಪ್ಪಿಸಬಾರದು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ತಂಪೆಂದು ಅದನ್ನು ವೈದ್ಯರನ್ನು ಕೇಳದೆ ಕುಡಿಸುವುದೂ ಬೇಡ. ಉಪ್ಪಿನಕಾಯಿ, ಒಣಮೀನು ದೂರವಿರಲಿ; ಉಳಿದ ಸಾರಿನಲ್ಲಿ ಉಪ್ಪಿನ ಜೊತೆಗೆ ನಾಯಿಗೆ ಆಗದ ಈರುಳ್ಳಿ, ಬೆಳ್ಳುಳ್ಳಿಯೂ ಇರುತ್ತವೆ. ಕಾಲುನೋವೆಂದು ಮನುಷ್ಯರ ಡೈಕ್ಲೊಫೆನ್ಯಾಕ್ ಅಥವಾ ಐಬುಪ್ರೊಫೆನ್ ಕೊಟ್ಟರೆ ಈ ಔಷಧಗಳ ಜೊತೆ ಸೇರಿ ಮೂತ್ರಪಿಂಡವನ್ನೇ ಕೆಡಿಸೀತು.

ಔಷಧ ಹಿಡಿಯುತ್ತಿದೆಯೋ ಇಲ್ಲವೋ ಎಂದು ತಿಳಿಯುವ ಉಪಾಯಕ್ಕೆ ಕಾಸು ಖರ್ಚಿಲ್ಲ. ನಾಯಿ ಗೋಣಿಚೀಲದ ಮೇಲೆ ಗಾಢವಾಗಿ ನಿದ್ದೆ ಮಾಡುತ್ತಿರುವಾಗ ಪಕ್ಕೆ ಏರಿ ಇಳಿಯುವುದನ್ನು ಒಂದು ಉಸಿರೆಂದು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಬೇಕು. ಕನಸು ಕಂಡು ಕಾಲು ಒದರುತ್ತಿದ್ದರೆ, ಸೆಕೆಗೆ ನಾಲಿಗೆ ಚಾಚಿ ಏದುತ್ತಿದ್ದರೆ ಆ ಲೆಕ್ಕ ಬಿಟ್ಟುಬಿಡಿ. ನಿಮಿಷಕ್ಕೆ 30ರ ಒಳಗಿದ್ದರೆ ಒಳ್ಳೆಯದು. ಪ್ರತಿದಿನದ ಅಂಕಿಯನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯಬಹುದು. 22, 24 ಇದ್ದದ್ದು 28, 33 ಎಂದು ಏರುತ್ತಿದ್ದರೆ, ಕೆಮ್ಮು ಇಲ್ಲದಿದ್ದರೂ ಶ್ವಾಸಕೋಶದಲ್ಲಿ ನೀರು ಸೇರುತ್ತಿರಬಹುದು. ವೈದ್ಯರು ಫ್ಯುರೋಸಮೈಡ್‌ನ ಅಳತೆ ಬದಲಿಸುವುದು ಈ ಅಂಕಿಯನ್ನೂ ನೋಡಿಯೇ.

ಬೆಕ್ಕಿನ ಕತೆ ಬೇರೆ. ಅದರ ಹೃದಯದ ಗೋಡೆ ದಪ್ಪವಾಗಿ, ಒಳಗೆ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಹೆಪ್ಪು ತಡೆಯುವ 75 ಮಿಲಿಗ್ರಾಂ ಕ್ಲೊಪಿಡೊಗ್ರೆಲ್ ಮಾತ್ರೆಯ ಕಾಲುಭಾಗ ಕೊಡಲು ಹೇಳುತ್ತಾರೆ. ಮಾತ್ರೆ ಕಹಿ, ಬಾಯಲ್ಲಿ ನೊರೆ ಬರುತ್ತದೆ, ಹೆದರಬೇಕಿಲ್ಲ. ಹಿಂಗಾಲು ಏಕಾಏಕಿ ಸೋತು ತಣ್ಣಗಾದರೆ ಮಾತ್ರ ತಡಮಾಡುವಂತಿಲ್ಲ. ಹಸುಗಳಲ್ಲಿ ಮೇವಿನೊಡನೆ ನುಂಗಿದ ತಂತಿ ಹೃದಯದ ಹೊದಿಕೆಯನ್ನು ಚುಚ್ಚಿ ಗಂಗೆದೊಗಲಿನಲ್ಲಿ ಊತ ಬಂದಿದ್ದರೆ, ನೀರಿಳಿಸುವ ಚುಚ್ಚುಮದ್ದು ತಾತ್ಕಾಲಿಕ ಸಮಾಧಾನವಷ್ಟೇ.

ಆಷಾಢದ ಮಳೆಗೆ ಮರ ಬಿದ್ದು ದಾರಿ ಮುಚ್ಚುವ ಊರುಗಳಲ್ಲಿ ಹದಿನೈದು ದಿನದ ಮಾತ್ರೆ ಸದಾ ಮನೆಯಲ್ಲಿರಬೇಕು. ಒಸಡು, ನಾಲಿಗೆ ನೀಲಿಗಟ್ಟಿದರೆ, ಮಲಗಲಾರದೆ ಕುತ್ತಿಗೆ ಚಾಚಿ ಕೂತು ಉಸಿರಾಡುತ್ತಿದ್ದರೆ, ಅಥವಾ ತಲೆತಿರುಗಿ ಬಿದ್ದರೆ ಬಾಯಿಗೆ ನೀರು, ಮಾತ್ರೆ ಏನನ್ನೂ ತುರುಕದೆ ಹೊರಡಬೇಕು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಸಕಲೇಶಪುರದಿಂದ ಅಲ್ಲಿಗೆ ಸುಮಾರು 40 ಕಿ.ಮೀ. ಹೊರಡುವ ಮೊದಲು ಫೋನ್ ಮಾಡಿ ತಿಳಿಸಿ, ಕಾರಿನ ಕಿಟಕಿ ಸ್ವಲ್ಪ ತೆರೆದು, ನಾಯಿ ಹೇಗೆ ಕೂರಬಯಸುತ್ತದೋ ಹಾಗೆಯೇ ಬಿಟ್ಟು, ಮಾತ್ರೆಯ ಪೊಟ್ಟಣಗಳ ಜೊತೆಗೆ ಉಸಿರಿನ ಲೆಕ್ಕ ಬರೆದ ಕ್ಯಾಲೆಂಡರ್ ಹಾಳೆಯನ್ನೂ ಹರಿದು ತೆಗೆದುಕೊಂಡು ಹೋಗಿ.