ವರ್ಷಕ್ಕೊಂದು ಪೆಟ್ ಸ್ಕ್ಯಾನ್ ಬೇಡವೆಂದು ನಾನು ನಿರ್ಧರಿಸಿದ್ದು

ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಷನ್ ಎಲ್ಲ ಮುಗಿದ ಮೇಲೆ ನಮ್ಮ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ, ಮೈಯಲ್ಲಿ ಎಲ್ಲಾದರೂ ಕ್ಯಾನ್ಸರ್ ಇದೆಯೇ ಎಂದು ಹುಡುಕುವ ಪೆಟ್ ಸ್ಕ್ಯಾನ್ ಮುಂದೆ ಯಾವಾಗ ಎಂಬುದು. "ಅಮ್ಮ, ವರ್ಷಕ್ಕೊಮ್ಮೆ ಇಡೀ ಮೈ ನೋಡಿಸಿಬಿಡೋಣ, ದುಡ್ಡಿನ ಚಿಂತೆ ನಿನಗೆ ಬೇಡ" ಎಂದು ಮಗ ಹಟ ಹಿಡಿದ. ಬೆಂಗಳೂರಿನಲ್ಲಿ ಸ್ಕ್ಯಾನ್ ಕೇಂದ್ರಗಳಿಗೆ ಬರವಿಲ್ಲ; ಜಯನಗರದ ನಮ್ಮ ಮನೆಯಿಂದ ಆಟೋ ಹತ್ತಿದರೆ ಸಾಕು. ಸುಲಭವಾಗಿ ಸಿಗುತ್ತದೆ ಎಂಬ ಕಾರಣಕ್ಕೇ ನನಗೆ ಇದನ್ನು ಕೂತು ಯೋಚಿಸಬೇಕೆನಿಸಿತು.

ಮುಂದಿನ ಭೇಟಿಯಲ್ಲಿ ಡಾಕ್ಟರನ್ನು ನೇರವಾಗಿ ಕೇಳಿದೆ: "ನನಗೆ ಯಾವ ತೊಂದರೆಯೂ ಇಲ್ಲದಿರುವಾಗ ಸ್ಕ್ಯಾನ್‌ನಲ್ಲಿ ಏನೋ ಕಂಡಿತು ಎಂದುಕೊಳ್ಳಿ. ಮೊದಲೇ ಗೊತ್ತಾಗಿದ್ದರಿಂದ ನನ್ನ ಆಯುಸ್ಸು ಹೆಚ್ಚುತ್ತದೆಯೇ?" ಅವರು ಇಟಲಿಯಲ್ಲಿ ನಡೆದ ಎರಡು ಅಧ್ಯಯನಗಳ ವಿಷಯ ಹೇಳಿದರು. 1994ರಲ್ಲಿ ಪ್ರಕಟವಾದವು; ಎರಡೂ ಸೇರಿ ಎರಡೂವರೆ ಸಾವಿರ ಮಹಿಳೆಯರು. ಒಂದು ಗುಂಪಿಗೆ ಕಾಲಕಾಲಕ್ಕೆ ಎದೆಯ ಎಕ್ಸ್‌ರೇ, ಮೂಳೆ ಸ್ಕ್ಯಾನ್. ಇನ್ನೊಂದಕ್ಕೆ ವೈದ್ಯರ ತಪಾಸಣೆ ಮತ್ತು ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಇಷ್ಟೇ. ಬದುಕುಳಿದವರ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

"ಆಗ ಪೆಟ್ ಸ್ಕ್ಯಾನ್ ಬಳಕೆಯಲ್ಲಿರಲಿಲ್ಲವಲ್ಲ?" ಎಂದ ಮಗ. ನ್ಯಾಯವಾದ ಪ್ರಶ್ನೆ. ಲಕ್ಷಣಗಳೇ ಇಲ್ಲದವರಿಗೆ ಪೆಟ್ ಮಾಡಿಸಿದರೆ ಹೆಚ್ಚು ಕಾಲ ಬದುಕುತ್ತಾರೆ ಎಂಬುದಕ್ಕೆ ಇನ್ನೂ ಪುರಾವೆಯಿಲ್ಲ, ಹಾಗಾಗಿ ಮಾರ್ಗಸೂಚಿಗಳು ಅದನ್ನು ಸೂಚಿಸುವುದಿಲ್ಲ ಎಂದರು ಡಾಕ್ಟರ್. ಅವರು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಪೆಟ್‌ಗೆ ಮೊದಲು ಚುಚ್ಚುವುದು ವಿಕಿರಣ ಸೂಸುವ ಸಕ್ಕರೆಯಂಥ ವಸ್ತು. ಅದು ಕ್ಯಾನ್ಸರ್ ಕೋಶಗಳಿಗಷ್ಟೇ ಹೋಗುವುದಿಲ್ಲ, ಉರಿಯೂತ ಇರುವಲ್ಲಿಯೂ ಸೇರುತ್ತದೆ. ಕ್ಷಯ ನಮ್ಮ ದೇಶದಲ್ಲಿ ಅಪರೂಪವಲ್ಲ. ಅದರಿಂದ ಊದಿದ ಎದೆಯ ಗ್ರಂಥಿಗಳೂ ಸ್ಕ್ಯಾನ್‌ನಲ್ಲಿ ಹೊಳೆಯಬಹುದು. ಆಮೇಲೆ ಅಲ್ಲಿಂದ ಚೂರು ತೆಗೆದು ನೋಡುವ ಬಯಾಪ್ಸಿ, ವರದಿ ಬರುವ ತನಕ ನಿದ್ದೆಯಿಲ್ಲದ ರಾತ್ರಿಗಳು. ಅಷ್ಟು ಸಂಕಟವನ್ನು ಪ್ರಯೋಜನ ಖಚಿತವಿಲ್ಲದ ಪರೀಕ್ಷೆಗಾಗಿ ಮೈಮೇಲೆ ಎಳೆದುಕೊಳ್ಳಲು ನಾನು ಒಪ್ಪಲಿಲ್ಲ.

ಉಳಿಸಿಕೊಂಡ ಪರೀಕ್ಷೆಗಳನ್ನು ಮಾತ್ರ ಒಂದು ಸಲವೂ ತಪ್ಪಿಸುವುದಿಲ್ಲ. ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಡಾಕ್ಟರ ತಪಾಸಣೆ. ನನಗೆ ಗಡ್ಡೆಯನ್ನಷ್ಟೇ ತೆಗೆದಿರುವುದರಿಂದ ವರ್ಷಕ್ಕೊಮ್ಮೆ ಎರಡೂ ಕಡೆಯ ಮ್ಯಾಮೊಗ್ರಾಮ್. ಮುಟ್ಟು ನಿಂತ ಮೇಲಿನ ವಯಸ್ಸಾದ್ದರಿಂದ ಈಸ್ಟ್ರೊಜೆನ್ ಹಾರ್ಮೋನನ್ನು ತಗ್ಗಿಸುವ ಲೆಟ್ರೊಜೋಲ್ ಮಾತ್ರೆ ನಡೆಯುತ್ತಿದೆ. ಅದು ಮೂಳೆಯನ್ನು ಸವೆಸುವ ಕಾರಣ ಎರಡು ವರ್ಷಕ್ಕೊಮ್ಮೆ ಮೂಳೆ ಸಾಂದ್ರತೆಯ ಪರೀಕ್ಷೆ.

ಮ್ಯಾಮೊಗ್ರಾಮ್ ಬಗ್ಗೆ ಸ್ವಲ್ಪ ಹೇಳಲೇಬೇಕು. ರೇಡಿಯೇಷನ್ ಆದ ಕಡೆ ಚರ್ಮ ಬಿಗಿದು, ಒಳಗೆ ಗಟ್ಟಿಯಾಗಿರುತ್ತದೆ; ಯಂತ್ರದ ಹಲಗೆ ಒತ್ತಿದಾಗ ಕಣ್ಣಲ್ಲಿ ನೀರು ಬರುತ್ತದೆ. ನಾನು ಒಳಗೆ ಹೋದ ಕೂಡಲೇ ತಂತ್ರಜ್ಞೆಗೆ ಹೊಲಿಗೆಯ ಜಾಗ ತೋರಿಸಿ, "ನಿಧಾನವಾಗಿ ಒತ್ತಮ್ಮ, ನಾನು ತಡೆದುಕೊಳ್ಳುತ್ತೇನೆ" ಎನ್ನುತ್ತೇನೆ. ಹಳೆಯ ಫಿಲ್ಮ್‌ಗಳನ್ನು ತಪ್ಪದೆ ಒಯ್ಯುತ್ತೇನೆ. ಶಸ್ತ್ರಚಿಕಿತ್ಸೆಯ ಗಾಯ ಮಾಗಿದ ಕಲೆಯೂ ಗಡ್ಡೆಯಂತೆ ಕಾಣಬಹುದು. ಹಿಂದಿನದರ ಪಕ್ಕದಲ್ಲಿಟ್ಟು ನೋಡಿದಾಗಲೇ ಅದು ಬದಲಾಗಿದೆಯೇ ಎಂಬುದು ತಿಳಿಯುವುದು.

ಇದು ನನ್ನ ಕಾಯಿಲೆಗೆ ಹೊಂದಿದ ತೀರ್ಮಾನ. ನಮ್ಮ ಬೀದಿಯಲ್ಲೇ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಹಿರಿಯರೊಬ್ಬರಿದ್ದಾರೆ. ಅವರಿಗೆ ಕ್ಯಾನ್ಸರ್ ಮರಳಿದ ಸುಳಿವು ಕೊಡಬಲ್ಲ ಸಿಇಎ ರಕ್ತಪರೀಕ್ಷೆ, ಸಿಟಿ ಸ್ಕ್ಯಾನ್, ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೊಸ್ಕೋಪಿ ಎಲ್ಲವೂ ಬೇಕು. ಆ ಕ್ಯಾನ್ಸರ್ ಯಕೃತ್ತಿನ ಒಂದೆರಡು ಕಡೆ ಮಾತ್ರ ಮರುಕಳಿಸಿದರೆ ಕೆಲವರಲ್ಲಿ ಅದನ್ನು ಕತ್ತರಿಸಿ ತೆಗೆದು ಗುಣಪಡಿಸಲು ಸಾಧ್ಯ. ಬೇಗ ಕಂಡರೆ ಅಲ್ಲಿ ಲಾಭವಿದೆ. ನನ್ನ ಮಾತು ಕೇಳಿ ಅವರು ಸಿಟಿ ಸ್ಕ್ಯಾನ್ ಬಿಟ್ಟರೆ ಅನಾಹುತ.

ಕಳೆದ ಮಳೆಗಾಲದಲ್ಲಿ ನನಗೆ ಸೊಂಟ ನೋವು ಶುರುವಾಗಿ, ಎರಡು ವಾರವಾದರೂ ಇಳಿಯಲಿಲ್ಲ. ಮುಂದಿನ ಭೇಟಿಯವರೆಗೆ ಕಾಯದೆ ಫೋನ್ ಮಾಡಿದೆ. ಆಗ ಡಾಕ್ಟರೇ ಮೂಳೆ ಸ್ಕ್ಯಾನ್ ಬರೆದರು, ನಾನೂ ಮರುಮಾತಿಲ್ಲದೆ ಮಾಡಿಸಿದೆ. ಕೀಲಿನ ಸವೆತ ಎಂದು ಬಂತು. ಬಿಡದ ಮೂಳೆ ನೋವು, ಏದುಸಿರು, ಒಣಕೆಮ್ಮು, ಹೊಸ ಗಂಟು, ಕಾಮಾಲೆ, ದಿನೇದಿನೇ ಏರುವ ತಲೆನೋವು ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ತಿಳಿಸಬೇಕೆಂದು ಅವರು ಬರೆದುಕೊಟ್ಟ ಚೀಟಿಯ ಫೋಟೊ ಈಗ ಮಗನ ಮೊಬೈಲಿನಲ್ಲೂ ಇದೆ.