ಕಲಬುರಗಿಯ ಸ್ಕೂಟರ್‌ಗೆ ಪುಣೆಯ ನಂಬರ್: ನನ್ನ ಅನುಭವ

ಹೊರ ರಾಜ್ಯಕ್ಕೆ ಓದಲು ಹೋಗುವವರು ಸ್ಕೂಟರ್ ಒಯ್ಯುವ ಮುನ್ನ ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಚಾಲನಾ ಪರವಾನಗಿ ಸವಾರನದು. ಅದು ದೇಶದಲ್ಲೆಲ್ಲ ನಡೆಯುತ್ತದೆ. ನೋಂದಣಿ ಗಾಡಿಯದು, ಅದಕ್ಕೆ ರಾಜ್ಯದ ತೆರಿಗೆಯ ನಂಟಿದೆ. ಹಾಗಾಗಿ ಪರವಾನಗಿಯನ್ನು ಊರಿನಲ್ಲೇ ಮಾಡಿಸಿಕೊಂಡು ಹೊರಡಿ, ನೋಂದಣಿಯ ಚಿಂತೆಯನ್ನು ಅಲ್ಲಿ ಎಷ್ಟು ವರ್ಷ ಇರುತ್ತೀರಿ ಎಂಬುದನ್ನು ನೋಡಿ ಮಾಡಿ.

ನಾನು ಪಿಯುಸಿ ಮುಗಿದ ರಜೆಯಲ್ಲಿ, ಹದಿನೆಂಟು ತುಂಬಿದ ಮೇಲೆ, ಕಲಬುರಗಿಯಲ್ಲೇ ಕಲಿಕಾ ಪರವಾನಗಿ ಪಡೆದೆ. ಅದರ ಅವಧಿ ಆರು ತಿಂಗಳು. ಮೂವತ್ತು ದಿನ ಕಳೆಯದೆ ಚಾಲನಾ ಪರೀಕ್ಷೆಗೆ ಬರುವಂತಿಲ್ಲ. ಕಾಲೇಜು ಶುರುವಾಗುವ ದಿನದಿಂದ ಹಿಂದಕ್ಕೆ ಎಣಿಸಿ ಅರ್ಜಿ ಹಾಕಿದರೆ ಎರಡೂ ರಜೆಯಲ್ಲೇ ಮುಗಿಯುತ್ತವೆ. ಓಡಿಸುವುದು ಸ್ಕೂಟರ್ ಆದರೂ ನಾನು ಪರೀಕ್ಷೆ ಕೊಟ್ಟದ್ದು ಗೇರ್ ಇರುವ ಬೈಕಿನಲ್ಲಿ. ಗೇರ್ ಬೈಕಿನ ಪರವಾನಗಿ ಇದ್ದರೆ ಸ್ಕೂಟರನ್ನೂ ಓಡಿಸಬಹುದು, ಗೇರ್ ಇಲ್ಲದ ಗಾಡಿಯ ಪರವಾನಗಿಯಿಂದ ಬೈಕ್ ಓಡಿಸುವಂತಿಲ್ಲ.

ಸ್ಕೂಟರನ್ನು ನಾನು ಓದಲಿದ್ದ ಪುಣೆಗೆ ಉದ್ಯಾನ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಕಳಿಸಿದೆವು. ಪೆಟ್ರೋಲ್ ಪೂರ್ತಿ ತೆಗೆದು, ಕನ್ನಡಿ ಬಿಚ್ಚಿ, ಗೋಣಿತಟ್ಟು ಸುತ್ತಿ, ಆರ್‌ಸಿ ಮತ್ತು ಗುರುತಿನ ಚೀಟಿಯ ನಕಲು ಕೊಟ್ಟರೆ ಪಾರ್ಸೆಲ್ ಕಚೇರಿಯಲ್ಲಿ ರಸೀದಿ ಬರೆದುಕೊಡುತ್ತಾರೆ. ಆ ರಸೀದಿಯನ್ನು ದಯವಿಟ್ಟು ಎಸೆಯಬೇಡಿ. ಮೋಟಾರು ವಾಹನ ಕಾಯ್ದೆ, 1988ರ 47ನೇ ಕಲಂ ಪ್ರಕಾರ ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅಲ್ಲಿನ ನಂಬರ್ ಪಡೆಯಬೇಕು. ಗಾಡಿ ಯಾವಾಗ ಬಂತೆಂದು ರಸ್ತೆಯಲ್ಲಿ ಯಾರಾದರೂ ಕೇಳಿದರೆ ತೋರಿಸಲು ಆ ಚೀಟಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಮೊದಲ ವರ್ಷವೆಲ್ಲ ಕೆಎ 32 ನಂಬರಿನಲ್ಲೇ ಓಡಾಡಿದೆ. ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ ಎಲ್ಲವೂ ಡಿಜಿಲಾಕರ್‌ನಲ್ಲಿದ್ದವು. ಅದನ್ನು ಪೊಲೀಸರು ಒಪ್ಪಲೇಬೇಕು.

ನನ್ನದು ನಾಲ್ಕು ವರ್ಷದ ಕೋರ್ಸ್. ಆದ್ದರಿಂದ ಎರಡನೆಯ ವರ್ಷದ ಹೊತ್ತಿಗೆ ನಂಬರ್ ಬದಲಿಸುವ ಕೆಲಸಕ್ಕೆ ಕೈ ಹಾಕಿದೆ. ರಾಜ್ಯ ಬದಲಾದರೂ ಬದಲಿಸಬೇಕಿಲ್ಲದ ಭಾರತ್ (ಬಿಎಚ್) ಸರಣಿಯ ನಂಬರ್ ಪಡೆದರೆ ಸಾಲದೇ ಎಂದು ಹಲವರು ಕೇಳುತ್ತಾರೆ. 2021ರಲ್ಲಿ ಬಂದ ಆ ಬಿಎಚ್ ಸರಣಿ ಇರುವುದು ಸೈನಿಕರು, ಸರ್ಕಾರಿ ನೌಕರರು ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಗಳ ನೌಕರರಿಗೆ. ವಿದ್ಯಾರ್ಥಿಗೆ ಅದು ಸಿಗದು. ನಮ್ಮ ಅಪ್ಪ ಅಂಗಡಿ ನಡೆಸುವವರು, ಅವರಿಗೂ ಸಿಗದು.

ಗಾಡಿ ಇದ್ದದ್ದು ಅಪ್ಪನ ಹೆಸರಿನಲ್ಲಿ. ಹೊಸ ನಂಬರಿಗೆ ಅರ್ಜಿ ಹಾಕಬೇಕಾದವರು ಮಾಲೀಕರು. ಅಪ್ಪನಿಗೆ ಪುಣೆಯಲ್ಲಿ ವಿಳಾಸವೇ ಇಲ್ಲ. ಹೀಗಾಗಿ ಮಾಲೀಕತ್ವವನ್ನೂ ನನ್ನ ಹೆಸರಿಗೆ ವರ್ಗಾಯಿಸುವುದೆಂದು ನಿರ್ಧರಿಸಿದೆವು. ಇದನ್ನು ಬರೀ ಕಾಗದದ ಅನುಕೂಲ ಎಂದುಕೊಳ್ಳಬೇಡಿ. ವಿಮೆಯಲ್ಲಿ ಬರುವ ಹದಿನೈದು ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷಣೆ ಇರುವುದು ಮಾಲೀಕ ತಾನೇ ಸವಾರನಾಗಿದ್ದಾಗ. ಅಪ್ಪನ ಹೆಸರಿನ ಗಾಡಿಯಲ್ಲಿ ಮಗಳೋ ಮಗನೋ ಬಿದ್ದರೆ ಆ ರಕ್ಷಣೆ ತಾನಾಗಿ ಅವರಿಗೆ ಒದಗುವುದಿಲ್ಲ. ದಿನವೂ ಓಡಿಸುವವರ ಹೆಸರಿನಲ್ಲೇ ಗಾಡಿ ಇರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಕೆಲಸ ಆರಂಭವಾಗುವುದು ಊರಿನ ಆರ್‌ಟಿಒದಿಂದ. ಬಾಕಿ ದಂಡಗಳನ್ನು ಕಟ್ಟಿ, ಸಾಲವಿದ್ದರೆ ಬ್ಯಾಂಕಿನ ಪತ್ರ ತಂದು, ಗಾಡಿ ಬೇರೆ ರಾಜ್ಯಕ್ಕೆ ಹೋಗಲು ಅಡ್ಡಿಯಿಲ್ಲ ಎನ್ನುವ ನಿರಾಕ್ಷೇಪಣಾ ಪತ್ರಕ್ಕೆ (ಎನ್‌ಒಸಿ) ನಮೂನೆ 28ರಲ್ಲಿ ಅರ್ಜಿ ಹಾಕಬೇಕು. ಅರ್ಜಿಯ ಮೇಲೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಬೇಕು: ನಂಬರ್ ಕೊರೆದ ಜಾಗವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ತೆಳ್ಳನೆಯ ಕಾಗದ ಇಟ್ಟು, ಪೆನ್ಸಿಲನ್ನು ಓರೆಯಾಗಿ ಉಜ್ಜಿದರೆ ಅಂಕಿಗಳು ಮೂಡುತ್ತವೆ. ಗಾಡಿ ಪುಣೆಯಲ್ಲಿದ್ದುದರಿಂದ ನಾನು ಅಲ್ಲೇ ಅಚ್ಚು ತೆಗೆದು ಅಪ್ಪನಿಗೆ ಅಂಚೆಯಲ್ಲಿ ಕಳಿಸಿದೆ. ಒಂದು ಹರಿದರೆ ಇನ್ನೊಂದು ಇರಲಿ ಎಂದು ಹೆಚ್ಚು ಪ್ರತಿ ಇಟ್ಟೆ. ಯಾವ ಕಚೇರಿಗೆ ಹೋಗುವ ಗಾಡಿ ಎಂಬುದನ್ನೂ ಸರಿಯಾಗಿ ಬರೆಯಬೇಕು. ಪುಣೆ ನಗರ ಎಂಎಚ್ 12, ಪಕ್ಕದ ಪಿಂಪ್ರಿ ಚಿಂಚ್‌ವಾಡ್ ಎಂಎಚ್ 14. ನಿಗಡಿ, ಆಕುರ್ಡಿ ಕಡೆಯ ಕಾಲೇಜುಗಳಲ್ಲಿ ಓದುವವರು ‘ಪುಣೆ’ ಎಂದು ಬರೆದರೆ ಪತ್ರ ಬೇರೆ ಕಚೇರಿಯ ಹೆಸರಿಗೆ ಬರುತ್ತದೆ.

ಪುಣೆಯಲ್ಲಿ ನಮೂನೆ 27 ಹೊಸ ನಂಬರಿಗೆ, 29 ಮತ್ತು 30 ಮಾಲೀಕತ್ವ ವರ್ಗಾವಣೆಗೆ. ವಿಳಾಸದ ಪುರಾವೆಯೇ ವಿದ್ಯಾರ್ಥಿಗಳಿಗೆ ದೊಡ್ಡ ತೊಡಕು. ಮಹಾರಾಷ್ಟ್ರದಲ್ಲಿ ಬಾಡಿಗೆಯ ‘ಲೀವ್ ಅಂಡ್ ಲೈಸೆನ್ಸ್’ ಕರಾರನ್ನು ನೋಂದಾಯಿಸುವುದು ಕಡ್ಡಾಯ. ಮನೆ ಹಿಡಿಯುವಾಗಲೇ ಮಾಲೀಕರಲ್ಲಿ ಇದನ್ನು ಕೇಳಿ ಮಾಡಿಸಿಕೊಂಡಿದ್ದೆ. ಕಾಲೇಜಿನ ಬೊನಾಫೈಡ್ ಪತ್ರದ ಜೊತೆ ಅದನ್ನೇ ಕೊಟ್ಟೆ. ಆಮೇಲೆ ಗಾಡಿಯನ್ನು ತಪಾಸಣೆಗೆ ತೋರಿಸಿ, ಅಲ್ಲಿನ ಒಂದಾವರ್ತಿ ತೆರಿಗೆ ಕಟ್ಟಿ, ಹೊಸ ಆರ್‌ಸಿ ಬಂದ ಮೇಲೆ ಅತಿ ಸುರಕ್ಷಿತ ನಂಬರ್ ಫಲಕ ಹಾಕಿಸಿದೆ. ವರ್ಗಾವಣೆಯಾದ ಹದಿನಾಲ್ಕು ದಿನದೊಳಗೆ ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯನ್ನು ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು.

ಒಂದೇ ಗಾಡಿಗೆ ಎರಡು ರಾಜ್ಯಗಳಲ್ಲಿ ತೆರಿಗೆಯ ಹಣ ಸಿಕ್ಕಿಕೊಳ್ಳುವುದು ವಿದ್ಯಾರ್ಥಿ ಕುಟುಂಬಕ್ಕೆ ನಿಜವಾದ ಹೊರೆ. ಓದು ಇನ್ನೊಂದೇ ವರ್ಷ ಉಳಿದಿದ್ದರೆ ಗಾಡಿಯನ್ನು ಊರಿಗೆ ಕಳಿಸಿ ಬಸ್ ಹಿಡಿಯುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ನಂಬರ್ ಬದಲಿಸಿದವರು ಮಾತ್ರ ಕರ್ನಾಟಕದಲ್ಲಿ ಕಟ್ಟಿದ ಜೀವಿತಾವಧಿ ತೆರಿಗೆಯನ್ನು ಮರೆಯಬಾರದು. ಗಾಡಿಯ ವಯಸ್ಸಿಗೆ ತಕ್ಕಂತೆ ಅದರ ಒಂದು ಭಾಗ ಮರಳಿ ಸಿಗುತ್ತದೆ. ಹೊಸ ಆರ್‌ಸಿಯ ನಕಲು, ನಿರಾಕ್ಷೇಪಣಾ ಪತ್ರದ ಪ್ರತಿ, ತೆರಿಗೆ ಕಟ್ಟಿದ ದಾಖಲೆ ಮತ್ತು ಅಪ್ಪನ ಬ್ಯಾಂಕ್ ಖಾತೆಯ ವಿವರಗಳೊಂದಿಗೆ ನಾವು ಕಲಬುರಗಿಯಲ್ಲೇ ಅರ್ಜಿ ಕೊಟ್ಟೆವು.