ಎಂಎಸ್‌ಗೆ ಆಪರೇಷನ್ ಇದೆಯೇ? ನರತಜ್ಞನಾಗಿ ನನ್ನ ಅನುಭವ

ಮಿದುಳು ಮತ್ತು ಬೆನ್ನುಹುರಿಯ ನರಗಳನ್ನು ಕಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ರೋಗ ಇರುವವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ, ‘ಇದಕ್ಕೆ ಆಪರೇಷನ್ ಇಲ್ಲವೇ ಡಾಕ್ಟ್ರೇ?’ ಎಂಬುದು. ಕತ್ತಿನ ಅಭಿಧಮನಿಗಳು ಕಿರಿದಾಗಿರುವುದೇ ಈ ರೋಗದ ಮೂಲವಿರಬಹುದೆಂದು ಇಟಲಿಯ ವೈದ್ಯ ಪಾವ್ಲೊ ಝಂಬೋನಿ 2009ರಲ್ಲಿ ವಾದಿಸಿ, ಅವುಗಳನ್ನು ಬಲೂನಿನಿಂದ ಹಿಗ್ಗಿಸತೊಡಗಿದ ಮೇಲಂತೂ ಈ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ನನ್ನ ರೋಗಿಯೊಬ್ಬರು ಮದ್ದು ನಿಲ್ಲಿಸಿ ಅದನ್ನು ಮಾಡಿಸಿಕೊಂಡು ಬಂದರು. ಎರಡು ತಿಂಗಳು ದಣಿವೇ ಇಲ್ಲವೆಂದರು, ಮೂರನೆಯ ತಿಂಗಳು ರೋಗ ಮರುಕಳಿಸಿ, ಎಡಗಣ್ಣು ಮಂಜಾಗಿ ಮರಳಿದರು. ಮುಂದೆ ಝಂಬೋನಿಯವರೇ ಮುಂದಾಗಿ ನಡೆಸಿದ ತುಲನಾತ್ಮಕ ಪ್ರಯೋಗದಲ್ಲೂ ಆ ವಿಧಾನದಿಂದ ಪ್ರಯೋಜನ ಕಾಣಲಿಲ್ಲ.

ಎಂಎಸ್‌ನಲ್ಲಿ ನರತಂತುಗಳನ್ನು ಸುತ್ತಿರುವ ಮಯಲಿನ್ ಹೊದಿಕೆಯ ಮೇಲೆ ದಾಳಿ ಮಾಡುವುದು ದೇಹದ ರೋಗನಿರೋಧಕ ವ್ಯವಸ್ಥೆಯೇ ಆದ್ದರಿಂದ, ರೋಗವನ್ನು ತಡೆಯಬೇಕಾದರೆ ಅದನ್ನೇ ಹತ್ತಿಕ್ಕಬೇಕು. ನಾನು ಕಲಿಯುವಾಗ ಉಗ್ರ ರೋಗಕ್ಕೆ ಮೈಟೋಕ್ಸಾಂಟ್ರೋನ್ ಎಂಬ ಕೀಮೋ ಮದ್ದು ಕೊಡುತ್ತಿದ್ದೆವು. ಹೃದಯಕ್ಕೆ ಹಾನಿಯಾಗುವುದರಿಂದ ಜೀವಮಾನದ ಒಟ್ಟು ಪ್ರಮಾಣ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 140 ಮಿಲಿಗ್ರಾಂ ದಾಟಬಾರದೆಂದು ಪ್ರತಿ ಸಲವೂ ಕೂಡಿ ನೋಡುತ್ತಿದ್ದೆವು. ಈಗ ನಾನು ಹೆಚ್ಚಾಗಿ ರೋಗನಿರೋಧಕ ವ್ಯವಸ್ಥೆಯ ಬಿ ಜೀವಕೋಶಗಳನ್ನು ಅಳಿಸುವ ರಿಟುಕ್ಸಿಮ್ಯಾಬ್ ಅಥವಾ ಓಕ್ರೆಲಿಜುಮ್ಯಾಬ್ ಬಳಸುತ್ತೇನೆ. ಮೊದಲ ಡ್ರಿಪ್‌ಗೆ ಮುನ್ನ ಹೆಪಟೈಟಿಸ್ ಬಿ ಮತ್ತು ಕ್ಷಯದ ಪರೀಕ್ಷೆ, ರಕ್ತದಲ್ಲಿನ ಇಮ್ಯುನೊಗ್ಲೋಬ್ಯುಲಿನ್ (ಪ್ರತಿಕಾಯಗಳ) ಮಟ್ಟದ ತಪಾಸಣೆ, ಬಾಕಿ ಲಸಿಕೆಗಳು ಮುಗಿಯಲೇಬೇಕು. ಎಂಆರ್‌ಐಯಲ್ಲಿ ಹೊಸ ಕಲೆಗಳು ಮೂಡುತ್ತಿರುವಾಗ ಈ ಮದ್ದುಗಳು ಬಲವಾಗಿ ಕೆಲಸ ಮಾಡುತ್ತವೆ; ಉರಿಯೂತ ಆರಿ ನರತಂತುಗಳೇ ಸವೆದ ಮೇಲೆ ಕೊಟ್ಟರೆ ಲಾಭ ಅಲ್ಪ, ಸೋಂಕಿನ ಅಪಾಯ ಮಾತ್ರ ಅಷ್ಟೇ ಉಳಿಯುತ್ತದೆ. ಆಕರಕೋಶ (ಸ್ಟೆಮ್ ಸೆಲ್) ಕಸಿಗೂ ಇದೇ ಮಾತು ಸಲ್ಲುತ್ತದೆ. ಹೆಸರಿನಲ್ಲಿ ಕಸಿ ಇದ್ದರೂ ಅಲ್ಲಿ ಚಾಕುವಿನ ಕೆಲಸವಿಲ್ಲ, ಕೀಮೋದಿಂದ ಹಳೆಯ ರೋಗನಿರೋಧಕ ಕೋಶಗಳನ್ನು ತೊಳೆದು ರೋಗಿಯದೇ ಆಕರಕೋಶಗಳನ್ನು ಮರಳಿಸುತ್ತಾರೆ.

ಚಾಕು ನಿಜವಾಗಿ ನೆರವಾಗುವುದು ರೋಗಕ್ಕಲ್ಲ, ಅದು ಬಿಟ್ಟುಹೋದ ಸ್ನಾಯುಗಳ ಬಿಗಿತಕ್ಕೆ. ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬಿಗಿದು ರಾತ್ರಿಯಿಡೀ ನಿದ್ದೆಯಿಲ್ಲದ ಒಬ್ಬ ಮಹಿಳೆಗೆ ಬೆನ್ನುಹುರಿಯ ದ್ರವಕ್ಕೆ ಬಿಗಿತ ಸಡಿಲಿಸುವ ಮದ್ದಾದ ಬ್ಯಾಕ್ಲೋಫೆನ್ 50 ಮೈಕ್ರೋಗ್ರಾಂ ಕೊಟ್ಟು ಪರೀಕ್ಷಿಸಿದೆ. ನಾಲ್ಕು ತಾಸಿನ ಹೊತ್ತಿಗೆ, ಎರಡು ಕೈ ಹಾಕಿ ಎಳೆದರೂ ಮಡಿಯದಿದ್ದ ಮೊಣಕಾಲು ಒಂದೇ ಕೈಗೆ ಮಡಿಯಿತು. ಆದರೆ ಎದ್ದು ನಿಲ್ಲಲು ಹೋದವರು ಕುಸಿದರು, ಏಕೆಂದರೆ ಅಷ್ಟು ದಿನ ಅವರನ್ನು ನಿಲ್ಲಿಸಿದ್ದುದು ಸ್ನಾಯುವಿನ ಬಲವಲ್ಲ, ಆ ಬಿಗಿತವೇ. ಅದೇ ಮದ್ದನ್ನು ಬೆನ್ನುಹುರಿಯ ದ್ರವಕ್ಕೆ ಇಳಿಸುವ ಪಂಪನ್ನು ಆಪರೇಷನ್ ಮಾಡಿ ಹೊಟ್ಟೆಯ ಚರ್ಮದಡಿ ಕೂರಿಸಿದ ಮೇಲೆ ಹಗಲಿಗೆ ಕಡಿಮೆ, ರಾತ್ರಿಗೆ ಹೆಚ್ಚು ಮದ್ದು ಇಳಿಯುವಂತೆ ವಾರಗಟ್ಟಲೆ ತಿದ್ದಿದೆ. ಮದ್ದು ಹಠಾತ್ತನೆ ನಿಂತರೆ ಜೀವಕ್ಕೇ ಅಪಾಯವಾದ್ದರಿಂದ ಪಂಪ್ ಮರುತುಂಬುವ ತಾರೀಕನ್ನು ಅವರ ಮಗನ ಫೋನಿನಲ್ಲೂ ಬರೆಸಿದ್ದೇನೆ. ಈಗ ಅವರು ರಾತ್ರಿ ನಿದ್ದೆ ಮಾಡುತ್ತಾರೆ, ಹಗಲು ಮಂಚದಿಂದ ಗಾಲಿಕುರ್ಚಿಗೆ ದಾಟುವಷ್ಟು ಬಿಗಿತವನ್ನು ಉಳಿಸಿಕೊಂಡಿದ್ದಾರೆ.